ಮುಂಬಯಿಯಿಂದ ಊರಿಗೆ: ಕಾರು ಗೆರೆ ಬಿಡದಂತೆ ಓಡಿಸುವುದು ಹೇಗೆ?

ಚೌತಿಯ ಮುನ್ನಾದಿನ ಡೊಂಬಿವಲಿಯಿಂದ ಕುಂದಾಪುರಕ್ಕೆ ಹೊರಟಿದ್ದೆವು. ಕಣಕವಲಿ ದಾಟಿದ ಮೇಲೆ, ಮಳೆ ಬಿಟ್ಟ ನಿಚ್ಚಳ ಬೆಳಕಿನಲ್ಲಿ, ಹಿಂದಿನ ಸೀಟಿನಿಂದ ಬಂದ ಚಕ್ಕುಲಿ ಡಬ್ಬಿಗೆ ಕೈಯೊಡ್ಡಿದೆ. ಪಕ್ಕದಲ್ಲಿದ್ದ ಹೆಂಡತಿಯ ತಮ್ಮ "ಭಾವಾ, ರಸ್ತೆ!" ಎಂದು ಕೂಗುವಷ್ಟರಲ್ಲಿ ಎಡಚಕ್ರಗಳು ಡಾಂಬರು ಬಿಟ್ಟು ಮಣ್ಣಿಗಿಳಿದಿದ್ದವು. ನಿದ್ದೆಯಿಲ್ಲ, ಮೊಬೈಲಿಲ್ಲ, ಕುಡಿತವಂತೂ ಇಲ್ಲವೇ ಇಲ್ಲ. ಒಂದು ಚಕ್ಕುಲಿ, ಅಷ್ಟೇ. ವೇಗ ಐವತ್ತರ ಆಸುಪಾಸಿನಲ್ಲಿದ್ದುದರಿಂದ ಬಚಾವಾದೆವು.

ಇಷ್ಟು ಬೇಗ ಹೇಗೆ ಸರಿಯಿತು ಎಂದು ಊರು ಮುಟ್ಟಿದ ಮೇಲೆ ಕಾಗದ ಹಿಡಿದು ಲೆಕ್ಕ ಹಾಕಿದೆ. ನಮ್ಮ ಹೆದ್ದಾರಿಗಳ ಒಂದು ಪಥದ ಅಗಲ ಸಾಮಾನ್ಯವಾಗಿ 3.5 ಮೀಟರ್, ಕಾರಿನ ಅಗಲ ಸುಮಾರು 1.75 ಮೀಟರ್. ಅಂದರೆ ನಡುಮಧ್ಯದಲ್ಲಿ ಓಡಿಸಿದರೂ ಒಂದೊಂದು ಬದಿಗೆ ಉಳಿಯುವುದು ಮೀಟರಿಗೂ ಕಡಿಮೆ ಜಾಗ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 28 ಮೀಟರ್ ಸಾಗುತ್ತದೆ. ಅದರ ಮೂತಿ ಬರೀ 2 ಡಿಗ್ರಿ ವಾಲಿದರೆ ಸಾಕು, ಒಂದೇ ಸೆಕೆಂಡಿನಲ್ಲಿ ಚಕ್ರ ಗೆರೆಯ ಮೇಲಿರುತ್ತದೆ. 2 ಡಿಗ್ರಿ ಎಂದರೆ ಗಡಿಯಾರದ ನಿಮಿಷದ ಮುಳ್ಳು ಇಪ್ಪತ್ತು ಸೆಕೆಂಡಿನಲ್ಲಿ ಸರಿಯುವಷ್ಟು ಕೋನ, ಕಣ್ಣಿಗೆ ಕಾಣುವುದೂ ಇಲ್ಲ.

ಹೊರಡುವ ಹಿಂದಿನ ದಿನ

ಸಮತಟ್ಟಾದ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತ ಸ್ಟೀರಿಂಗನ್ನು ಹಗುರವಾಗಿ ಹಿಡಿದು ನೋಡಿ. ಕಾರು ಒಂದೇ ಬದಿಗೆ ಎಳೆಯುತ್ತಿದ್ದರೆ ವೀಲ್ ಅಲೈನ್‌ಮೆಂಟ್ ಕೆಟ್ಟಿರಬಹುದು, ಇಲ್ಲವೇ ಒಂದು ಟಯರಿನಲ್ಲಿ ಗಾಳಿ ಕಡಿಮೆಯಿರಬಹುದು. ಗಾಳಿಯನ್ನು ಟಯರು ತಣ್ಣಗಿರುವಾಗಲೇ ಪರೀಕ್ಷಿಸಬೇಕು. ಐವರು ಕುಳಿತು, ಡಿಕ್ಕಿಯ ತುಂಬ ಸಾಮಾನು ಹೇರಿದರೆ ಎಷ್ಟು ಗಾಳಿ ಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬೇರೆಯಾಗಿ ನಮೂದಾಗಿರುತ್ತದೆ. ಅದನ್ನು ಓದಿದವರನ್ನು ನಾನು ಕಂಡದ್ದು ಕಡಿಮೆ.

ಹೊರಡುವ ಹೊತ್ತು

ಹೋಟೆಲಿನ ಗಲ್ಲೆ ಮುಚ್ಚಿ, ಊಟ ಮುಗಿಸಿ, ರಾತ್ರಿ ಹನ್ನೊಂದಕ್ಕೆ ಹೊರಡುವುದು ಮುಂಬಯಿಯ ನಮ್ಮವರ ಹಳೆಯ ರೂಢಿ. "ರಸ್ತೆ ಖಾಲಿ ಇರುತ್ತದೆ" ಎನ್ನುತ್ತಾರೆ. ರಸ್ತೆಯೇನೋ ಖಾಲಿ, ಆದರೆ ದಿನವಿಡೀ ದುಡಿದ ದೇಹ ನಿದ್ದೆಗಾಗಿ ಅತಿ ಹೆಚ್ಚು ಹಟ ಹಿಡಿಯುವುದು ಬೆಳಗಿನ ಜಾವ ಎರಡರಿಂದ ಆರರ ನಡುವೆ. ಆಗ ಬರುವುದು ಗೊರಕೆಯ ನಿದ್ದೆಯಲ್ಲ, ಮೂರು ನಾಲ್ಕು ಸೆಕೆಂಡಿನ ಮಂಪರು. ಕಣ್ಣು ತೆರೆದೇ ಇದ್ದರೂ ಇರಬಹುದು. ನೂರರ ವೇಗದಲ್ಲಿ ಅಷ್ಟರಲ್ಲಿ ಕಾರು ನೂರು ಮೀಟರ್ ತಾನಾಗಿ ಓಡಿರುತ್ತದೆ. ಆದ್ದರಿಂದ ಊಟ ಮಾಡಿ ಮಲಗಿ, ಐದಕ್ಕೆ ಎದ್ದು ಹೊರಡುವುದೇ ಲೇಸು.

ದಾರಿಯಲ್ಲಿ ಆಕಳಿಕೆ ಸಾಲುಗಟ್ಟಿದರೆ, ಕಳೆದ ಎರಡು ಕಿಲೋಮೀಟರ್ ಹೇಗೆ ಬಂದೆನೆಂಬುದು ನೆನಪಾಗದಿದ್ದರೆ, ಕಿಟಕಿ ಇಳಿಸುವುದು, ಹಾಡಿನ ಸದ್ದು ಏರಿಸುವುದು ಇವ್ಯಾವುವೂ ಪ್ರಯೋಜನವಿಲ್ಲ. ಪೆಟ್ರೋಲ್ ಬಂಕಿನ ಅಂಗಳವೋ ಫುಡ್ ಮಾಲ್‌ನ ಪಾರ್ಕಿಂಗೋ ಸಿಕ್ಕಲ್ಲಿ ನಿಲ್ಲಿಸಿ. ಫ್ಲಾಸ್ಕಿನ ಕಾಫಿಯನ್ನು ಮೊದಲು ಕುಡಿಯಿರಿ, ಕೂಡಲೇ ಹದಿನೈದು ಇಪ್ಪತ್ತು ನಿಮಿಷ ಮಲಗಿ. ಕಾಫಿಯ ಚುರುಕು ರಕ್ತಕ್ಕೇರಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕಾದ್ದರಿಂದ ಎದ್ದಾಗ ಎರಡರ ಲಾಭವೂ ಒಟ್ಟಿಗೆ ಸಿಗುತ್ತದೆ. ಕುಡಿದು ಮಲಗುವುದು ನಮ್ಮ ಹಿರಿಯರಿಗೆ ವಿಚಿತ್ರವೆನಿಸಬಹುದು, ಕಾಫಿಯ ಮಾತು ಹೇಳುತ್ತಿದ್ದೇನೆ.

ಕಣ್ಣು ಮತ್ತು ಕೈ

ಬಾನೆಟ್ಟಿನ ಮುಂದಿನ ಗೆರೆಯನ್ನೇ ದಿಟ್ಟಿಸುವವರ ಕಾರು ಹಾವಿನಂತೆ ಹೊರಳುತ್ತದೆ. ದೃಷ್ಟಿ ದೂರದಲ್ಲಿರಲಿ, ಕಾರು ಅತ್ತಲೇ ನೆಟ್ಟಗೆ ಸಾಗುತ್ತದೆ. ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ ಕೈಗಳಿರಲಿ. ನೀರು, ತಿಂಡಿ, ಟೋಲ್ ರಸೀದಿ, ನಕ್ಷೆ ಎಲ್ಲ ಪಕ್ಕದಲ್ಲಿ ಕುಳಿತವರ ಖಾತೆ.

ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಒಂದೊಂದು ದಿಕ್ಕಿಗೆ ಮೂರು ಪಥಗಳಿವೆ. ಬಲತುದಿಯದು ಹಿಂದಿಕ್ಕುವುದಕ್ಕೆ ಮಾತ್ರ. ಖಂಡಾಲಾ ಘಾಟಿನ ತಿರುವುಗಳಲ್ಲಿ ವೇಗ ಹೆಚ್ಚಾದರೆ ಕಾರು ತಾನಾಗಿಯೇ ಹೊರಬದಿಯ ಪಥಕ್ಕೆ ಜಾರುತ್ತದೆ. ಬ್ರೇಕ್ ಒತ್ತಬೇಕಾದದ್ದು ತಿರುವಿನೊಳಗಲ್ಲ, ತಿರುವಿಗೆ ಮೊದಲು. ಊರಿನಿಂದ ಮರಳುವಾಗ ಪುಣೆಯ ಹೊಸ ಕಾತ್ರಜ್ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರಿನಲ್ಲೂ ಇದೇ ಎಚ್ಚರ ಬೇಕು. ಅಲ್ಲಿ ಬ್ರೇಕ್ ಸೋತ ಲಾರಿಗಳು ಹಿಂದಿನಿಂದ ನುಗ್ಗಿದ ಅಪಘಾತಗಳು ಒಂದೆರಡಲ್ಲ.

ಚಕ್ರ ಅಂಚಿನಿಂದ ಇಳಿದೇಬಿಟ್ಟರೆ

ಇದನ್ನು ಮಾತ್ರ ಎರಡು ಸಲ ಓದಿ. ಇಳಿದದ್ದಕ್ಕಿಂತ, ಇಳಿದ ಮೇಲೆ ಗಾಬರಿಯಿಂದ ಮಾಡುವುದೇ ಹೆಚ್ಚು ಅಪಾಯ. ಡಾಂಬರಿನ ಅಂಚು ಮಣ್ಣಿಗಿಂತ ಗೇಣೆತ್ತರ ಇರುವ ಕಡೆ ಸ್ಟೀರಿಂಗನ್ನು ರಪ್ಪನೆ ಬಲಕ್ಕೆ ಎಳೆದರೆ ಟಯರಿನ ಪಕ್ಕೆ ಮೊದಲು ಅಂಚಿಗೆ ಉಜ್ಜಿಕೊಂಡು ನಿಲ್ಲುತ್ತದೆ. ನೀವು ಇನ್ನೂ ಎಳೆಯುತ್ತೀರಿ. ಅದು ಒಮ್ಮೆಲೇ ಹತ್ತಿದಾಗ ಚಕ್ರ ಪೂರ್ತಿ ತಿರುಗಿರುತ್ತದೆ, ಕಾರು ಎದುರಿನ ವಾಹನಗಳತ್ತ ಚಿಮ್ಮುತ್ತದೆ ಅಥವಾ ಮಗುಚುತ್ತದೆ.

ಬದಲಿಗೆ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ, ನೇರವಾಗಿ ಹಿಡಿಯಿರಿ. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಬ್ರೇಕನ್ನು ಜೋರಾಗಿ ತುಳಿಯಬೇಡಿ. ಎರಡು ಚಕ್ರ ಮಣ್ಣಿನಲ್ಲೇ ಓಡಲಿ, ಮುಂದೆ ಮರವೋ ಮೋರಿಯೋ ಇಲ್ಲದಿದ್ದರೆ ಅವಸರವೇನಿಲ್ಲ. ವೇಗ ಚೆನ್ನಾಗಿ ತಗ್ಗಿದ ಮೇಲೆ ಕನ್ನಡಿ ನೋಡಿ, ಅಂಚು ತಗ್ಗಾಗಿರುವಲ್ಲಿ ನಿಧಾನವಾಗಿ ಹತ್ತಿಸಿ. ಅಂದು ನಾನು ಸ್ಟೀರಿಂಗ್ ಎಳೆದೇಬಿಟ್ಟಿದ್ದೆ. ವೇಗ ಎಂಬತ್ತಿದ್ದಿದ್ದರೆ ಈ ಲೇಖನ ಬೇರೆ ಯಾರಾದರೂ ಬರೆಯುತ್ತಿದ್ದರು.

ಕಾರೇ ಎಚ್ಚರಿಸುತ್ತದಲ್ಲವೇ?

ಎಚ್ಚರಿಸುತ್ತದೆ. 2021ರಲ್ಲಿ ಬಂದ ಮಹೀಂದ್ರ ಎಕ್ಸ್‌ಯುವಿ700, ಎಂಜಿ ಆಸ್ಟರ್‌ನಂಥ ಕಾರುಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಕಾಣಿಸಿಕೊಂಡ, ಗೆರೆ ದಾಟಿದರೆ ಎಚ್ಚರಿಸುವ ಈ ಸೌಲಭ್ಯ ಈಗ ಹಲವು ಕಾರುಗಳಲ್ಲಿದೆ. ಐರೋಪ್ಯ ಒಕ್ಕೂಟದಲ್ಲಂತೂ 2024ರ ಜುಲೈನಿಂದ ಮಾರಾಟವಾಗುವ ಹೊಸ ಕಾರುಗಳಿಗೆಲ್ಲ ಕಡ್ಡಾಯ. ಮುಂಗಾಜಿನ ಹಿಂದಿರುವ ಕ್ಯಾಮೆರಾ ರಸ್ತೆಯ ಗೆರೆಗಳನ್ನು ಗಮನಿಸುತ್ತಿರುತ್ತದೆ. ಇಂಡಿಕೇಟರ್ ಹಾಕದೆ ಗೆರೆ ಸಮೀಪಿಸಿದರೆ ಸದ್ದು ಮಾಡುತ್ತದೆ, ಕೆಲವು ಕಾರುಗಳಲ್ಲಿ ಸ್ಟೀರಿಂಗ್ ನಡುಗುತ್ತದೆ ಅಥವಾ ಮೆಲ್ಲಗೆ ಒಳಕ್ಕೆ ತಿರುಗುತ್ತದೆ. ಇಂಡಿಕೇಟರ್ ಹಾಕುವ ಅಭ್ಯಾಸವೇ ಇಲ್ಲದವರಿಗೆ ಇದು ದಿನವಿಡೀ ಬೈಯುವ ಅತ್ತೆಯಂತೆ ಕೇಳಿಸಿ, ಎರಡನೇ ದಿನವೇ ಬಂದ್ ಮಾಡುತ್ತಾರೆ. ಬಂದ್ ಮಾಡುವ ಬದಲು ಇಂಡಿಕೇಟರ್ ಹಾಕುವುದು ಸುಲಭ.

ಆದರೆ ಅದಕ್ಕೆ ಕಾಣುವುದು ಗೆರೆ ಮಾತ್ರ. ಗೆರೆ ಅಳಿಸಿಹೋದಲ್ಲಿ, ಕೊಂಕಣದ ಧೋ ಎನ್ನುವ ಮಳೆಯಲ್ಲಿ, ಕಾಮಗಾರಿ ನಡೆದಿರುವಲ್ಲಿ ಅದು ಸದ್ದಿಲ್ಲದೆ ಕೈಚೆಲ್ಲುತ್ತದೆ. ಅನೇಕ ಕಾರುಗಳಲ್ಲಿ ವೇಗ ಅರವತ್ತರ ಆಸುಪಾಸು ಮುಟ್ಟುವವರೆಗೆ ಕೆಲಸವನ್ನೇ ಶುರುಮಾಡುವುದಿಲ್ಲ. ಮುಂಗಾಜನ್ನು, ಮುಖ್ಯವಾಗಿ ಕ್ಯಾಮೆರಾದ ಎದುರಿನ ಭಾಗವನ್ನು, ಚಹಾಕ್ಕೆ ನಿಲ್ಲಿಸಿದಾಗಲೆಲ್ಲ ಒರೆಸಿ. ಹೊರಡುವಾಗ ಅಮ್ಮ ಕೊಟ್ಟ ಮಲ್ಲಿಗೆ ಹಾರವನ್ನು ನಡುಗನ್ನಡಿಗೆ ತೂಗುಹಾಕಬೇಡಿ, ಕ್ಯಾಮೆರಾ ಇರುವುದು ಅದರ ಹಿಂದೆಯೇ. ಡ್ಯಾಶ್‌ಬೋರ್ಡಿನ ಮೇಲೆ ಗಣಪತಿ ಇದ್ದಾನಲ್ಲ, ಅವನ ಕೊರಳಿಗೆ ಹಾಕಿ.