ಸ್ಟಾಕ್‌ಹೋಮಿನಲ್ಲಿ ಮಧ್ಯಾಹ್ನ ಹೊಟ್ಟೆತುಂಬ, ರಾತ್ರಿ ಮೊಸರನ್ನ

ಕಂಪನಿ ಕೆಲಸದ ಮೇಲೆ ಸೆಪ್ಟೆಂಬರ್ ನಡುವಿನಿಂದ ಮೂರು ವಾರ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿದ್ದೆ. ಜೊತೆಗೆ ಶಿರಸಿಯ ಗೆಳೆಯನೊಬ್ಬ. ನಾನು ಕುಂದಾಪುರದವನು, ಮೀನಿದ್ದರೆ ಬೇರೇನೂ ಬೇಡ. ಅವನು ಸಸ್ಯಾಹಾರಿ, ಕೇಕಿನೊಳಗಿನ ಮೊಟ್ಟೆಗೆ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಾನೆ. ಇಬ್ಬರೂ ಒಂದೇ ಕಡೆ ಉಣ್ಣಬೇಕು, ಕಂಪನಿ ಕೊಡುವ ಭತ್ಯೆಯೊಳಗೇ ಉಣ್ಣಬೇಕು.

ಮೊದಲ ರಾತ್ರಿಯೇ ಎಡವಟ್ಟಾಯಿತು. ಗಾಮ್ಲ ಸ್ತಾನ್ ಅಂದರೆ ಅಲ್ಲಿಯ ಹಳೇ ಪೇಟೆ, ಕಲ್ಲು ಹಾಸಿನ ಕಿರುಬೀದಿಗಳು, ಕಿಟಕಿಗಳಲ್ಲಿ ಮೇಣದಬತ್ತಿ. ಅದಕ್ಕೆ ಮರುಳಾಗಿ ಎದುರಿಗೆ ಸಿಕ್ಕ ಹೋಟೆಲಿಗೆ ನುಗ್ಗಿದೆವು. ನನಗೆ ಮೀಟ್‌ಬಾಲ್, ಅವನಿಗೆ ಸುಟ್ಟ ಬೀಟ್‌ರೂಟು ಮತ್ತು ಒಂದು ಹಿಡಿ ಸೊಪ್ಪು, ಇಬ್ಬರಿಗೂ ಒಂದೊಂದು ಬಿಯರ್. ಬಿಲ್ಲು 700 ಕ್ರೋನಾ ದಾಟಿತ್ತು. ಒಂದು ಕ್ರೋನಾಕ್ಕೆ ಆಗ ಎಂಟೊಂಬತ್ತು ರೂಪಾಯಿ, ನೀವೇ ಲೆಕ್ಕ ಹಾಕಿ. ಅವನು ಬಿಲ್ಲು ಮಡಚಿ ಜೇಬಿಗಿಟ್ಟುಕೊಂಡವನು ರೂಮು ಮುಟ್ಟುವವರೆಗೆ ಮಾತಾಡಲಿಲ್ಲ.

ದಾರಿ ಗೊತ್ತಾಗಿದ್ದು ಮರುದಿನ ಆಫೀಸಿನಲ್ಲಿ. ಹನ್ನೊಂದೂವರೆ ಆಗುತ್ತಿದ್ದ ಹಾಗೆ ಎಲ್ಲರೂ ಕೋಟು ಹಾಕಿಕೊಂಡು ಊಟಕ್ಕೆ ಎದ್ದರು. ಅಷ್ಟು ಬೇಗ ಯಾರಿಗೆ ಹಸಿವಾಗುತ್ತೆ ಅಂದುಕೊಂಡು ಹಿಂದೆ ಹೋದೆವು. ಅಲ್ಲಿ ಸಿಕ್ಕಿದ್ದು 'ದಾಗೆನ್ಸ್ ರೆಟ್', ಅಂದರೆ ಇವತ್ತಿನ ಊಟ. ಸೋಮವಾರದಿಂದ ಶುಕ್ರವಾರದವರೆಗೆ, ಸುಮಾರು ಹನ್ನೊಂದರಿಂದ ಎರಡರ ತನಕ, ಬಹಳಷ್ಟು ರೆಸ್ಟೋರೆಂಟುಗಳು ಎರಡು ಮೂರು ಬಗೆ ಮಾಡಿ ಹೊರಗೆ ಬೋರ್ಡ್ ಬರೆದಿಡುತ್ತವೆ. ಅದರಲ್ಲಿ ಒಂದು ಸಾಮಾನ್ಯವಾಗಿ 'ವೆಗೆಟಾರಿಸ್ಕ್', ಅಂದರೆ ಸಸ್ಯಾಹಾರದ್ದು, ಇರುತ್ತದೆ. ನಾವು ಕೊಟ್ಟಿದ್ದು ತಲೆಗೆ 139 ಕ್ರೋನಾ. ಅದರಲ್ಲೇ ಸಲಾಡು, ಬ್ರೆಡ್ಡು, ಬೆಣ್ಣೆ, ನೀರು, ಕೊನೆಗೆ ಕಾಫಿ ಎಲ್ಲಾ ಬಂತು. ಸಲಾಡು, ಬ್ರೆಡ್ಡು ನಾವೇ ಹಾಕಿಕೊಳ್ಳುವುದು, ಹಾಗಾಗಿ ಎರಡನೇ ಸಲ ಹೋದರೂ ಯಾರೂ ತಿರುಗಿ ನೋಡುವುದಿಲ್ಲ. ಹಿಂದಿನ ರಾತ್ರಿ ಒಂದು ತಟ್ಟೆಗೆ ಇದರ ಎರಡರಷ್ಟು ಕೊಟ್ಟಿದ್ದೆವು! ಅವತ್ತಿನಿಂದ ನಮ್ಮ ದೊಡ್ಡ ಊಟ ಮಧ್ಯಾಹ್ನಕ್ಕೆ ಬಂತು.

ಆದರೆ ಗುರುವಾರ ಹುಷಾರು. ಗುರುವಾರ ಅಲ್ಲಿ ಬಟಾಣಿ ಸೂಪು ಮತ್ತು ಪ್ಯಾನ್‌ಕೇಕ್ ತಿನ್ನುವ ಹಳೇ ಪದ್ಧತಿ. ದೊಡ್ಡ ಪಾತ್ರೆಯಲ್ಲಿ ಹಳದಿಯಾಗಿ, ಮಂದವಾಗಿ, ಹಬೆಯಾಡುತ್ತಾ ಇತ್ತು, ಥೇಟ್ ತೊವ್ವೆ. ಗೆಳೆಯನ ಮುಖ ಅರಳಿತು. ಅವನು ಎರಡು ಸೌಟು ಬಡಿಸಿಕೊಳ್ಳುವ ಹೊತ್ತಿಗೆ ನನ್ನ ಬಟ್ಟಲಿನಲ್ಲಿ ಹಂದಿಮಾಂಸದ ತುಂಡು ತೇಲಿ ಬಂತು. "ಮಾರಾಯಾ, ಇದು ತೊವ್ವೆ ಅಲ್ಲ, ಇಡು ಕೆಳಗೆ" ಅಂದೆ. ಅವತ್ತು ಅವನು ಜಾಮ್ ಹಚ್ಚಿದ ಪ್ಯಾನ್‌ಕೇಕಿನಲ್ಲೇ ಹೊಟ್ಟೆ ತುಂಬಿಸಿಕೊಂಡ. ಅವನಿಗೋಸ್ಕರ ಒಂದು ಭಾನುವಾರ ಸೋಡರ್‌ಮಾಲ್ಮ್ ದ್ವೀಪದ ಫ್ಯೆಲ್‌ಗಾತಾನ್ ಬೀದಿಯಲ್ಲಿರುವ ಹೆರ್ಮಾನ್ಸ್‌ಗೆ ಹೋದೆವು. ಮೀನು ಮಾಂಸ ಏನೂ ಇಲ್ಲದ ಬಫೆ. ಗುಡ್ಡದಂಚಿನಲ್ಲಿ ಕೂತರೆ ಕೆಳಗೆ ನೀರು, ಹಡಗು, ಆಚೆ ದಂಡೆಯ ಊರು. ಅವನು ಮೂರು ಸಲ ಎದ್ದು ಹೋಗಿ ಬಂದ.

ನನ್ನ ಪಾಲಿನ ಜಾಗ ಸ್ಲುಸೆನ್. ಮೆಟ್ರೋ ಇಳಿದು ಹೊರಗೆ ಬಂದರೆ 'ನ್ಯೂಸ್ಟೆಕ್ಟ್ ಸ್ಟ್ರೋಮಿಂಗ್' ಅನ್ನುವ ಗಾಡಿ ಇದೆ. ಸ್ಟ್ರೋಮಿಂಗ್ ಅಂದರೆ ಬಾಲ್ಟಿಕ್ ಸಮುದ್ರದ ಸಣ್ಣ ಹೆರಿಂಗ್ ಮೀನು. ನಮ್ಮ ಬೈಗೆ ಇದೆಯಲ್ಲ, ಮಂಗಳೂರಿನವರು ಬೂತಾಯಿ ಅಂತಾರಲ್ಲ, ಅದರ ದಾಯಾದಿಯೇ. ಮುಳ್ಳು ತೆಗೆದು, ಹಿಟ್ಟಿನಲ್ಲಿ ಹೊರಳಿಸಿ ಹುರಿದು, ಕ್ನೆಕೆಬ್ರೋದ್ ಅನ್ನುವ ಗಟ್ಟಿ ಗರಿಗರಿ ರೊಟ್ಟಿಯ ಮೇಲಿಟ್ಟು, ಮೇಲೆ ಕೆಂಪು ಈರುಳ್ಳಿ, ಉಪ್ಪಿನಕಾಯಿ ಸೌತೆ, ಸಬ್ಬಸಿಗೆ ಹಾಕಿ ಕೊಡುತ್ತಾರೆ. ಖಾರ ಅನ್ನುವುದು ಹೆಸರಿಗೂ ಇಲ್ಲ. ಮೊದಲ ತುತ್ತಿಗೆ ಮೆಣಸಿನ ಪುಡಿ ಮರೆತಿದ್ದಾರೆ ಅನ್ನಿಸಿತು, ಮೂರನೇ ತುತ್ತಿಗೆ ಮೀನಿನ ಸಿಹಿ ಗೊತ್ತಾಗತೊಡಗಿತು. ಗಾಳಿಗೆ ಬೆನ್ನು ಕೊಟ್ಟು ನಿಂತು ತಿನ್ನಬೇಕು, ಇಲ್ಲದಿದ್ದರೆ ಈರುಳ್ಳಿ ಕೋಟಿನ ಮೇಲೆ. 1888ರಲ್ಲಿ ಶುರುವಾದ ಓಸ್ಟರ್‌ಮಾಲ್ಮ್ಸ್ ಸಾಲುಹಾಲ್ ಮಾರುಕಟ್ಟೆಯನ್ನೂ ನೋಡಿದೆ. ಕೆಂಪು ಇಟ್ಟಿಗೆಯ ಕಟ್ಟಡ, ಸಾಲುಸಾಲು ಮೀನು, ಚೀಸು. ಚಂದ ಇದೆ, ದರ ಜಾಸ್ತಿ. ನೋಡಿಕೊಂಡು ಬನ್ನಿ, ಊಟಕ್ಕೆ ಸ್ಲುಸೆನ್‌ಗೆ ಹೋಗಿ.

ಮಧ್ಯಾಹ್ನ ಮೂರಕ್ಕೆ ಫೀಕಾ. ಕಾಫಿ, ಒಂದು ಬನ್ನು, ಒಂದಿಷ್ಟು ಮಾತು. ದಾಲ್ಚಿನ್ನಿ ಬನ್ನು ಎಲ್ಲರಿಗೂ ಗೊತ್ತು, ಅಕ್ಟೋಬರ್ 4 ಅದರದ್ದೇ ದಿನ, ಅವತ್ತು ನಮ್ಮ ಆಫೀಸಿನ ಪ್ಯಾಂಟ್ರಿ ತುಂಬಾ ಅದರ ಟ್ರೇ. ಆದರೆ ನೀವು ಕೇಳಬೇಕಾದ್ದು ಏಲಕ್ಕಿ ಬನ್ನು, ಕಾರ್ಡೆಮುಮ್ಮಬುಲ್ಲೆ. ನಾವು ಏಲಕ್ಕಿಯನ್ನು ನುಣ್ಣಗೆ ಪುಡಿ ಮಾಡಿ ಪಾಯಸಕ್ಕೆ ಚಿಟಿಕೆ ಹಾಕುತ್ತೇವೆ ಅಲ್ವಾ? ಇವರು ಕಾಳನ್ನು ತರಿತರಿಯಾಗಿ ಕುಟ್ಟಿ ಹಿಟ್ಟಿಗೂ ಹಾಕಿ, ಬೆಣ್ಣೆ ಸಕ್ಕರೆಯ ಜೊತೆ ಸುರುಳಿಯೊಳಗೂ ಹಾಕಿ, ಮೇಲೂ ಉದುರಿಸುತ್ತಾರೆ. ಹಲ್ಲಿಗೆ ಕಪ್ಪು ಚೂರು ಸಿಕ್ಕಿ ಕಟಕ್ ಅಂದಾಗ ಬಾಯಿ ತುಂಬಾ ಘಮ. ತೋಟದಲ್ಲಿ ಏಲಕ್ಕಿ ನೋಡಿ ಬೆಳೆದ ಶಿರಸಿಯವನು ಸುಮ್ನೆ ತಿನ್ನುತ್ತಾ, ಮಧ್ಯೆ ಒಮ್ಮೆ "ನಾವ್ಯಾಕೆ ಹೀಗೆ ಮಾಡಲ್ಲ?" ಅಂದ. ಸಾಲು ಜಾಸ್ತಿ ಇರುವ ಬೇಕರಿಯಲ್ಲಿ ಬಾಗಿಲ ಪಕ್ಕ ನಂಬರ್ ಚೀಟಿ ಕೊಡುವ ಯಂತ್ರ ಇರಬಹುದು, ಮೊದಲು ಅದನ್ನು ಹುಡುಕಿ. ನಾನು ಗಮನಿಸದೆ ಹತ್ತು ನಿಮಿಷ ನಿಂತಿದ್ದೆ, ನನ್ನ ಹಿಂದೆ ಬಂದವರೆಲ್ಲ ಬನ್ನು ಹಿಡಿದು ಹೊರಟರು. ಹಳೇ ಥರದ ಜಾಗ ಬೇಕಾದರೆ ಕುಂಗ್ಸ್‌ಗಾತಾನ್ ಬೀದಿಯ ವೇತೆ-ಕಟ್ಟೆನ್, 1928ರದ್ದು, ಕೋಣೆಯೊಳಗೆ ಕೋಣೆ. ಕಾಫಿ ನಮ್ಮ ಫಿಲ್ಟರ್ ಕಾಫಿಯ ಹಾಗಲ್ಲ, ಹಾಲಿಲ್ಲದ ತೆಳು ಕಾಫಿ. 'ಪೋತೋರ್' ಅಂತ ಬರೆದಿದ್ದರೆ ಅದು ಎರಡನೇ ಕಪ್ಪು, ಕೆಲವು ಕಡೆ ಪುಕ್ಕಟೆ.

ಬಿಯರ್ ಕುಡಿಯುವವರಿಗೆ ಒಂದು ಮಾತು. ಶೇಕಡಾ 3.5ಕ್ಕಿಂತ ಗಟ್ಟಿಯಾದದ್ದು ಯಾವ ದಿನಸಿ ಅಂಗಡಿಯಲ್ಲೂ ಸಿಗುವುದಿಲ್ಲ. ಮನೆಗೆ ಒಯ್ಯಬೇಕಾದರೆ ಸಾಮಾನ್ಯವಾಗಿ ಸರ್ಕಾರದ ಅಂಗಡಿ ಸಿಸ್ಟೆಮ್‌ಬೊಲಾಗೆಟ್‌ಗೇ ಹೋಗಬೇಕು, 20 ವರ್ಷ ತುಂಬಿರಬೇಕು. ಶನಿವಾರ ಹೆಚ್ಚಿನ ಕಡೆ ಮೂರಕ್ಕೇ ಬಾಗಿಲು ಹಾಕುತ್ತಾರೆ, ಭಾನುವಾರ ರಜೆ. ನಾವು ಹೋಗಿದ್ದು ಶನಿವಾರ ಮೂರೂಕಾಲಕ್ಕೆ. ಗಾಜಿನಾಚೆ ಬಾಟಲಿಗಳನ್ನು ನೋಡಿ ಬಂದೆವು.

ರಾತ್ರಿ? ರೂಮಿನಲ್ಲಿ ಸಣ್ಣ ಒಲೆ ಇತ್ತು, ಅನ್ನ ಮಾಡುತ್ತಿದ್ದೆವು. ಮೊಸರಿನ ಜಾಗಕ್ಕೆ ಫಿಲ್‌ಮ್ಯೋಲ್ಕ್. ಹುಳಿ ಹಾಲು, ಕಡೆದ ಮೊಸರಿನಷ್ಟು ತೆಳು, ಒಂದು ಲೀಟರಿನ ಡಬ್ಬಿ, ನೋಡಲು ಥೇಟ್ ಹಾಲಿನದ್ದೇ. ಎರಡನೇ ದಿನ ಬೆಳಿಗ್ಗೆ ಅದನ್ನೇ ಕಾಫಿಗೆ ಸುರಿದು ಒಡೆದ ಕಾಫಿ ನೋಡುತ್ತಾ ಕೂತಿದ್ದೆ. ಅನ್ನಕ್ಕೆ ಮಾತ್ರ ಅದು ಹೇಳಿ ಮಾಡಿಸಿದ್ದು. ಗಟ್ಟಿ ಬೇಕಾದರೆ 'ತುರ್ಕಿಸ್ಕ್' ಅಂತ ಬರೆದ ಮೊಸರು ಅರ್ಧ ಬೆರೆಸಿ. ಗೆಳೆಯ ಅಮ್ಮ ಕೊಟ್ಟು ಕಳಿಸಿದ್ದ ಮಾವಿನ ಮಿಡಿ ಉಪ್ಪಿನಕಾಯಿ ತಂದಿದ್ದ. ಲೆಕ್ಕ ಹಾಕಿ ತಿಂದರೂ ಹದಿನಾರನೇ ದಿನಕ್ಕೆ ಬಾಟಲಿ ಖಾಲಿ. ಕೊನೆಯ ಐದು ರಾತ್ರಿ ಬರೀ ಉಪ್ಪು ಹಾಕಿಕೊಂಡು ಉಂಡೆವು.