ಬೋರ್‌ವೆಲ್ ನೀರಿನ ಕಬ್ಬಿಣಕ್ಕೆ ಗಾಳಿ, ಮರುವಾಯಿ ಚಿಪ್ಪು, ಮರಳು: ನನ್ನ ಅನುಭವ

ನಮ್ಮದು ಉಡುಪಿ ಹತ್ತಿರ ಪರ್ಕಳದ ಕಡೆ, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡ. ಬಾವಿ ನೀರಿಗೆ ಹೆಸರಿಡುವ ಹಾಗಿಲ್ಲ, ಆದರೆ ಏಪ್ರಿಲ್‌ಗೆ ತಳ ಕಾಣುತ್ತದೆ. ಆಮೇಲೆ ಮಳೆ ಹಿಡಿಯುವವರೆಗೆ ಬೋರ್‌ವೆಲ್ಲೇ ಗತಿ. ಪಂಪಿನಿಂದ ಬರುವಾಗ ಚೆನ್ನಾಗಿಯೇ ಕಾಣುತ್ತದೆ. ಬಕೆಟಿನಲ್ಲಿ ಹಿಡಿದಿಟ್ಟರೆ ಸಂಜೆಗೆ ಹಳದಿ, ಮರುದಿನ ಅಡಿಯಲ್ಲಿ ಕೆಂಪು ಗಸಿ. ಚಹಾ ಮಾಡಿದರೆ ಕಪ್ಪು. ಮಕ್ಕಳ ಯೂನಿಫಾರ್ಮ್, ನನ್ನ ಪಂಚೆ ಎಲ್ಲದಕ್ಕೂ ಒಂದೇ ಬಣ್ಣ.

ಮೊದಲು ಆರ್‌ಒ (ನೀರಿನ ಉಪ್ಪಿನಂಶ ತೆಗೆಯುವ ಫಿಲ್ಟರ್) ಹಾಕಿಸಿದೆವು. ಸುಮಾರು 16 ಸಾವಿರ. ಮೂರ್ನಾಲ್ಕು ತಿಂಗಳಿಗೆ ಅದರೊಳಗಿನ ಸೋಸುವ ಪೊರೆ, ಅಂದರೆ ಮೆಂಬ್ರೇನ್, ಕಟ್ಟಿ ಹೋಯಿತು. ಬದಲಿಸಲು ಎರಡೂವರೆ ಸಾವಿರ. ಅದೂ ಕಟ್ಟಿತು. ಮೀಟರ್ ಅದ್ದಿದರೆ ನಮ್ಮ ನೀರಿನ ಟಿಡಿಎಸ್ (ಕರಗಿರುವ ಲವಣಗಳ ಅಳತೆ) 90 ಆಸುಪಾಸು. ಇಷ್ಟು ಕಡಿಮೆ ಇರುವ ನೀರಿಗೆ ಆರ್‌ಒ ಯಾಕೆ ಬೇಕಿತ್ತು ಅಂತ ಮಾರಿದವರನ್ನು ಕೇಳಿದರೆ ಉತ್ತರ ಇಲ್ಲ.

ಎರಡನೇ ಸಲ ಬೇರೆಯವರು ಬಂದು 10×54 ಇಂಚಿನ ಎಫ್‌ಆರ್‌ಪಿ ವೆಸೆಲ್ (ಫೈಬರಿನ ಉದ್ದ ಸಿಲಿಂಡರ್), ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವ್, ಒಳಗೆ ಮರಳು ತುಂಬಿಸಿ ಬೋರ್ ಲೈನಿಗೇ ನೇರ ಕೂರಿಸಿದರು. 20 ಸಾವಿರದ ಮೇಲೆ ಹೋಯಿತು. ಫಿಲ್ಟರಿನಿಂದ ಬಂದ ನೀರು ಫಳಫಳ. ಸಂಜೆಗೆ ಮತ್ತೆ ಹಳದಿ! ಕರಗಿರುವ ಕಬ್ಬಿಣವನ್ನು ಮರಳು ಹಿಡಿಯುವುದಾದರೂ ಹೇಗೆ? ಅದು ತುಕ್ಕಾಗಿ ಕಣ ಕಟ್ಟಿದ ಮೇಲೆ ಮಾತ್ರ ಮರಳಿಗೆ ಸಿಗುತ್ತದೆ. ಮೂರನೆಯವರು 70 ಸಾವಿರದ ಕೊಟೇಶನ್ ಕೊಟ್ಟರು. ಆಗ ನಾನೇ ಇಳಿದೆ.

ಲ್ಯಾಬಿಗೆ ಕೊಟ್ಟೆ. ಕಬ್ಬಿಣ ಲೀಟರಿಗೆ 5 ಮಿಲಿಗ್ರಾಂ ಹತ್ತಿರ, ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ) 5.8. ಕುಡಿಯುವ ನೀರಿನ ಐಎಸ್ 10500 ಮಾನಕದಲ್ಲಿ ಪಿಎಚ್ 6.5ರಿಂದ 8.5 ಇರಬೇಕು. ಎಲ್ಲರೂ ಕಬ್ಬಿಣ ನೋಡುತ್ತಾರೆ, ಈ ಎರಡನೇ ಅಂಕಿ ನೋಡುವುದಿಲ್ಲ. ಪಿಎಚ್ ಒಂದು ಅಂಕ ಇಳಿದರೆ ಕಬ್ಬಿಣ ಗಾಳಿಗೆ ತುಕ್ಕಾಗುವ ವೇಗ ಸುಮಾರು 100 ಪಟ್ಟು ತಗ್ಗುತ್ತದೆ. ನಮ್ಮ ಕಡೆಯ ಹುಳಿ ನೀರಿಗೆ ಬರೀ ಗಾಳಿ ಕೊಟ್ಟರೆ ಸಾಲದು ಎನ್ನುವುದು ಇದಕ್ಕೇ.

ಇನ್ನೊಂದು ವಿಷಯ. ಬೋರಿನೊಳಗೆ ಇದ್ದದ್ದು ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಈ ಹುಳಿ ನೀರು ಅದನ್ನೂ ತಿನ್ನುತ್ತದೆ. ಎತ್ತಿಸಿ ನೋಡಿದರೆ ಕೆಳಗಿನ ಪೈಪಿನ ಥ್ರೆಡ್ಡೇ ಉಳಿದಿಲ್ಲ. ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪ್ ಇಳಿಸಿದೆ. ಕೂಲಿ ಸೇರಿ 9 ಸಾವಿರ ಆಗಿರಬೇಕು. ಕಬ್ಬಿಣ ಮೂರೂವರೆಗೆ ಇಳಿಯಿತು. ಯಾವ ಫಿಲ್ಟರೂ ಇಲ್ಲದೆ!

ಈಗಿನ ವ್ಯವಸ್ಥೆ ಹೀಗಿದೆ. ಬೋರ್ ನೀರು ಒಂದಿಂಚಿನ ಪಿವಿಸಿ ಪೈಪಿಗೆ ಬಂದು, ಅಡಿಭಾಗದ ತೂತುಗಳಿಂದ ಶವರಿನ ಹಾಗೆ ಬೀಳುತ್ತದೆ. ಕೆಳಗೆ ಮೂರು ತರಕಾರಿ ಕ್ರೇಟ್, ಒಂದರ ಕೆಳಗೊಂದು, ನಡುವೆ ಒಂದಡಿ ಜಾಗ. ಅದರ ತುಂಬ ಮರುವಾಯಿ (ನಮ್ಮ ಕಡೆ ತಿನ್ನುವ ಕಪ್ಪೆಚಿಪ್ಪು ಜಾತಿಯ ಜೀವಿ) ಚಿಪ್ಪು. ಸುಣ್ಣ ಸುಡುವುದು ಇದೇ ಚಿಪ್ಪಿನಿಂದ ಅಲ್ವಾ, ಹುಳಿ ಮುರಿಯಲು ಇದಕ್ಕಿಂತ ಅಗ್ಗದ್ದು ಕರಾವಳಿಯಲ್ಲಿ ಬೇರೆ ಇಲ್ಲ. ಕುದಿಸಿ, ಉಜ್ಜಿ ತೊಳೆದು, ನಾಲ್ಕು ದಿನ ಬಿಸಿಲಿಗೆ ಹಾಕಿ. ವಾಸನೆ ಪೂರ್ತಿ ಹೋಗಬೇಕು. ಸುತ್ತ ಸೊಳ್ಳೆ ಬಲೆ ಕಡ್ಡಾಯ. ತೂತಿನ ಅಳತೆ, ಲೆಕ್ಕ ಇಲ್ಲಿ ಬರೆಯುವುದಿಲ್ಲ. ಅದರಲ್ಲೇ ಅರ್ಧ ಗುಟ್ಟು ಇದೆ.

ಪ್ಲಂಬರ್ ನೋಡಿ, "ಸಾರ್, ಚಿಪ್ಪಿನಲ್ಲಿ ಎಂತ ಆಗ್ತದೆ ಮಾರಾಯ್ರೆ? ಸುಮ್ನೆ ಖರ್ಚು" ಅಂದರು. ನಮ್ಮ ಭಾವನೂ ಅದನ್ನೇ ಹೇಳಿದರು. "ಪೈಪ್ ನಾನು ಹೇಳಿದ ಹಾಗೆ ಹಾಕಿ, ನೀರಿನ ಚಿಂತೆ ನನಗಿರಲಿ" ಅಂದೆ.

ಕ್ರೇಟಿನಿಂದ ನೀರು 750 ಲೀಟರಿನ ಎರಡು ಟ್ಯಾಂಕಿಗೆ, ಒಂದಾದ ಮೇಲೆ ಒಂದಕ್ಕೆ ಹೋಗುತ್ತದೆ. ಒಳಬರುವ ಪೈಪನ್ನು ತಳದವರೆಗೆ ಇಳಿಸಿ, ಹೊರಹೋಗುವುದನ್ನು ತಳದಿಂದ ಒಂದು ಗೇಣು ಮೇಲೆ ತೆಗೆಯಿರಿ. ತಳದಲ್ಲಿ ಬಾಲ್ ವಾಲ್ವ್ ಬೇಕೇ ಬೇಕು, ಗಸಿ ಬಿಡಲು. ರಾತ್ರಿ ತುಂಬಿಸಿಟ್ಟರೆ ಬೆಳಿಗ್ಗೆ ಅರ್ಧ ಎಚ್‌ಪಿ ಪಂಪ್ ಅದನ್ನು ವೆಸೆಲ್ ಮೂಲಕ ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಹೌದು, ಅದೇ ಹಳೇ ವೆಸೆಲ್, ಅದೇ ಮರಳು. ಜಾಗ ಬದಲಾಯಿತು, ಅಷ್ಟೇ.

ಮೊದಲ ತಿಂಗಳು ಬ್ಯಾಕ್‌ವಾಶ್ (ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿ ಮರಳು ತೊಳೆಯುವುದು) ಕೈಕೊಟ್ಟಿತು. ಪ್ಲಂಬರ್ ಸಕ್ಷನ್‌ಗೆ, ಅಂದರೆ ಪಂಪ್ ನೀರೆಳೆಯುವ ಕಡೆಗೆ, ಮುಕ್ಕಾಲಿಂಚು ಪೈಪ್ ಹಾಕಿದ್ದರು. ಮರಳು ಏಳಲೇ ಇಲ್ಲ, ಮೇಲಿನ ಪದರ ಗಟ್ಟಿ ಹೆಂಟೆಯಾಗಿತ್ತು. 10 ಇಂಚಿನ ವೆಸೆಲ್‌ಗೆ ನಿಮಿಷಕ್ಕೆ 30 ಲೀಟರಾದರೂ ಬೇಕು. ಸಕ್ಷನ್, ಡ್ರೈನ್ ಎರಡನ್ನೂ ಒಂದಿಂಚು ಮಾಡಿದ ಮೇಲೆ ಸರಿಹೋಯಿತು. ವಾರಕ್ಕೊಮ್ಮೆ 10 ನಿಮಿಷ ಸಾಕು. 300 ಲೀಟರ್ ಹೋಗುತ್ತದೆ, ತೆಂಗಿನ ಬುಡಕ್ಕೆ ಬಿಡುತ್ತೇನೆ. ವೆಸೆಲಿನ ಎರಡೂ ಕಡೆ ಯೂನಿಯನ್ (ಬಿಚ್ಚಿ ಜೋಡಿಸುವ ಜಾಯಿಂಟ್) ಹಾಕಿಸಿ, ವೆಸೆಲ್ ತಪ್ಪಿಸಿ ನೀರು ಹೋಗಲು ಬೈಪಾಸ್ ಇಡಿ. ಇಲ್ಲದಿದ್ದರೆ ಪ್ರತಿ ರಿಪೇರಿಗೂ ಪೈಪ್ ಕೊಯ್ಯಬೇಕಾಗುತ್ತದೆ.

ಹೊಸ ಖರ್ಚು ಟ್ಯಾಂಕ್, ಪಂಪ್, ಪೈಪ್, ಸ್ಟ್ಯಾಂಡ್, ಕೂಲಿ ಎಲ್ಲ ಸೇರಿ 17-18 ಸಾವಿರ. ಟ್ಯಾಂಕ್ ಒಂದು ಸೆಕೆಂಡ್ ಹ್ಯಾಂಡ್. ಚಿಪ್ಪಿಗೆ 200 ರೂಪಾಯಿ ಕೊಟ್ಟ ನೆನಪು.

ನಡುವೆ ಬೇರೆ ಪ್ರಯೋಗಗಳೂ ಆದವು. ನುಗ್ಗೆ ಬೀಜ ಅರೆದು ಟ್ಯಾಂಕಿಗೆ ಹಾಕಿದೆ. ಗಸಿ ಬೇಗ ಕೂರುತ್ತದೆ ನಿಜ, ಆದರೆ ಎರಡನೇ ದಿನ ನೀರು ವಾಸನೆ. ತೆಂಗಿನ ಗೆರಟೆ ಇದ್ದಿಲು ಪುಡಿ ಮಾಡಿ ಮರಳಿನ ಮೇಲೆ ಹಾಕಿದೆ. ಒಂದು ಬ್ಯಾಕ್‌ವಾಶ್‌ಗೆ ಎಲ್ಲ ಚರಂಡಿಗೆ ಹೋಯಿತು. ಒಂದು ಮಾತ್ರ ಗೆದ್ದಿತು, ನೀರಿನಲ್ಲಿ ಕಬ್ಬಿಣ ಇದೆಯೇ ನೋಡುವ ಪೇರಳೆ (ಸೀಬೆ) ಎಲೆ ಪರೀಕ್ಷೆ. ಎರಡು ಎಲೆ ಅಂಗೈಯಲ್ಲಿ ಚೆನ್ನಾಗಿ ತಿಕ್ಕಿ ಗಾಜಿನ ಲೋಟದ ನೀರಿಗೆ ಹಾಕಿ. ಬೋರ್ ನೀರು ಸ್ವಲ್ಪ ಹೊತ್ತಿನಲ್ಲೇ ನೇರಳೆಗೆ ತಿರುಗಿ ಶಾಯಿಯ ಬಣ್ಣಕ್ಕೆ ಬರುತ್ತದೆ. ಫಿಲ್ಟರ್ ನೀರು ಎಲೆಯ ತೆಳು ಹಸಿರಿನಲ್ಲೇ ನಿಲ್ಲುತ್ತದೆ. ಪ್ಲಂಬರ್ ಎದುರು ಎರಡು ಲೋಟ ಇಟ್ಟು ತೋರಿಸಿದೆ. ಅವರು ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಈಗ ಬೇರೆ ಮನೆಗಳಿಗೆ ಅವರೇ ಚಿಪ್ಪು ಹಾಕಿಸುತ್ತಿದ್ದಾರೆ.

ಮತ್ತೆ ಲ್ಯಾಬಿಗೆ ಕೊಟ್ಟಾಗ ಕಬ್ಬಿಣ 0.2, ಪಿಎಚ್ 7ರ ಮೇಲೆ. ಎರಡು ಬೇಸಿಗೆ ದಾಟಿದೆ, ಮರಳು ಬದಲಿಸಿಲ್ಲ. ಚಿಪ್ಪಿನ ಮೇಲೆ ಮಾತ್ರ ತಿಂಗಳಿಗೆಲ್ಲ ಕೆಂಪು ಕವಚ ಕೂರುತ್ತದೆ. ಹಾಗಾದರೆ ಅದು ಹುಳಿ ಮುರಿಯುವುದಿಲ್ಲ. ಉಜ್ಜದೆ ಬಿಡಿಸುವ ಉಪಾಯ ಒಂದನ್ನು ಕಂಡುಕೊಂಡಿದ್ದೇನೆ, ಸದ್ಯಕ್ಕೆ ಅದು ನನ್ನಲ್ಲೇ ಇರಲಿ. ಕುಡಿಯುವ ನೀರನ್ನು ಈಗಲೂ ಕುದಿಸಿಯೇ ಕುಡಿಯುತ್ತೇವೆ. ಈ ಫಿಲ್ಟರ್ ಕ್ರಿಮಿಗಲ್ಲ.

ಭಾವ ಈಗ ಅವರ ಉದ್ಯಾವರದ ಮನೆಗೂ ಇದೇ ಬೇಕು ಅಂತ ಕೂತಿದ್ದಾರೆ. ಅವರ ಬಾವಿ ಹೊಳೆ ಬದಿ. ಬೇಸಿಗೆಯಲ್ಲಿ ಹೊಳೆಗೆ ಉಪ್ಪು ನೀರು ಏರಿದಾಗ ಬಾವಿಗೂ ಬರುತ್ತದೆ. "ಉಪ್ಪಿಗೆ ಚಿಪ್ಪೂ ಇಲ್ಲ, ಮರಳೂ ಇಲ್ಲ ಭಾವ, ನಿಮಗೆ ಆರ್‌ಒ ಬೇಕೇ ಬೇಕು" ಅಂತ ಹೇಳಿದ್ದೇನೆ. ನಮ್ಮ ಮನೆಯಲ್ಲಿ ಮೂಲೆಗೆ ಬಿದ್ದಿರುವ ಆರ್‌ಒ ಅವರಿಗೇ ಕೊಡುವುದು, ಮೆಂಬ್ರೇನಿನ ದುಡ್ಡು ಅವರು ಹಾಕುವುದು ಅಂತ ಮಾತಾಗಿದೆ.