ರೈಸ್‌ಮಿಲ್ಲಿನ ಒಂದೇ ಡಬ್ಬದಲ್ಲಿ ನಾಲ್ಕು ವಿಎಂ: ಪಿ-ಕೋರ್ ಇ-ಕೋರ್ ಬೇರೆ ಮಾಡಿ ಓಡಿಸಿದ ಅನುಭವ

"ಪಿ-ಕೋರ್, ಇ-ಕೋರ್ ಕಲಸಿದ ಚಿಪ್ಪು ಗೇಮ್ ಆಡೋರಿಗೆ ಸರಿ. ವಿಎಂ ಹಾಕೋದಾದ್ರೆ ಝಿಯಾನ್ ತಗೋ, ಇಲ್ಲ ಎಲ್ಲಾ ಕೋರೂ ಒಂದೇ ನಮೂನಿ ಇರೋ ರೈಜನ್ ತಗೋ." ಗಂಗಾವತಿಯಿಂದ ಸಿಂಧನೂರಿನವರೆಗೆ ಈ ಕೆಲಸದಲ್ಲಿರುವ ಯಾರನ್ನು ಕೇಳಿದರೂ ಇದೇ ಉತ್ತರ. ಪಿ-ಕೋರ್ ಅಂದರೆ ಚಿಪ್ಪಿನ ವೇಗದ ಕೋರು, ಇ-ಕೋರ್ ಅಂದರೆ ಕಡಿಮೆ ಕರೆಂಟಿನ ನಿಧಾನದ ಕೋರು. ವಿಎಂ ಅಂದರೆ ಒಂದೇ ಕಂಪ್ಯೂಟರಿನೊಳಗೆ ಓಡುವ ತೋರಿಕೆಯ ಕಂಪ್ಯೂಟರು. ಝಿಯಾನ್ ಇಂಟೆಲ್‌ನ ಸರ್ವರ್ ಚಿಪ್ಪು, ರೈಜನ್ ಎಎಂಡಿಯದು. ಆ ಉತ್ತರದಲ್ಲಿ ಅರ್ಧ ನಿಜವೂ ಇದೆ. ಪ್ರಾಕ್ಸ್‌ಮಾಕ್ಸ್ (ವಿಎಂಗಳನ್ನು ಓಡಿಸುವ ಲಿನಕ್ಸ್ ವ್ಯವಸ್ಥೆ) ಹಾಕಿ ಹಾಗೇ ಬಿಟ್ಟರೆ ಈ ಚಿಪ್ಪು ಕಾಡುತ್ತದೆ. ಆದರೆ ಕಾರಟಗಿ ಕಡೆಯ ಒಂದು ರೈಸ್‌ಮಿಲ್ಲಿನಲ್ಲಿ ಕೋರ್ ಐ5-13500 ಮೇಲೆ ನಾಲ್ಕು ವಿಎಂ ಸುಗ್ಗಿಯ ಗದ್ದಲದಲ್ಲೂ ಉಸಿರು ಬಿಗಿಹಿಡಿಯದೆ ಓಡುತ್ತಿವೆ. ಬೇಡ ಎಂದವರಲ್ಲಿ ಇಬ್ಬರು ಈಗ ಸೆಟ್ಟಿಂಗ್ ಕೇಳುತ್ತಿದ್ದಾರೆ. ಹಾಗಾಗಿ ಈ ಬರಹ.

ಮೊದಲು ದುಡ್ಡಿನ ಲೆಕ್ಕ. ಝಿಯಾನ್ ಟವರ್‌ಗೆ ಬಂದ ಕೊಟೇಶನ್ 1.8 ಲಕ್ಷದ ಆಸುಪಾಸು, ಅದೂ 32 ಜಿಬಿ ರ‍್ಯಾಮ್‌ಗೆ. ನನ್ನ ಡಬ್ಬಕ್ಕೆ ಬಿಡಿಭಾಗ ಬಂದದ್ದು ಬೆಂಗಳೂರಿನ ಎಸ್.ಪಿ. ರೋಡಿನಿಂದ, ದರ ಆಗಿನದು: ಚಿಪ್ಪು 22–23 ಸಾವಿರ, ಬಿ760 ಡಿಡಿಆರ್4 ಬೋರ್ಡು 12 ಸಾವಿರ, 64 ಜಿಬಿ ರ‍್ಯಾಮ್ 11 ಸಾವಿರ, 1 ಟಿಬಿಯ ಎರಡು ಎನ್‌ವಿಎಂಇ ಡಿಸ್ಕ್ ಸೇರಿ 11 ಸಾವಿರ, ಕ್ಯಾಮೆರಾ ರೆಕಾರ್ಡಿಂಗ್‌ಗೆ ಒಂದು ದೊಡ್ಡ ಹಾರ್ಡ್‌ಡಿಸ್ಕ್, ಎಸ್‌ಎಂಪಿಎಸ್, ಕೂಲರ್, ಕ್ಯಾಬಿನೆಟ್. ಒಟ್ಟು 80 ಸಾವಿರದ ಒಳಗೇ ಮುಗಿಯಿತು. 1 ಕೆವಿಎ ಆನ್‌ಲೈನ್ ಯುಪಿಎಸ್ ಬೇರೆ ಲೆಕ್ಕ. ಮಿಲ್ಲಿನಲ್ಲಿ ಅದಿಲ್ಲದೆ ಏನನ್ನೂ ಇಡಬೇಡಿ. ಹಲ್ಲರ್ ಮೋಟರ್ ಶುರುವಾದಾಗ ವೋಲ್ಟೇಜ್ ಬೀಳುವುದಕ್ಕೆ ಸಾದಾ ಯುಪಿಎಸ್ ತಡವಾಗಿ ಏಳುತ್ತದೆ.

ಓಡಬೇಕಾಗಿದ್ದ ವಿಎಂಗಳು ಇಷ್ಟು, ಮೊದಲಿರುವುದು ವಿಎಂ ನಂಬರು. 101: ವಿಂಡೋಸ್ ಸರ್ವರ್, ಟ್ಯಾಲಿ, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಐದಾರು ಜನ. 102: ಲಿನಕ್ಸ್, ಭತ್ತದ ಆವಕ ಮತ್ತು ಚೀಲದ ಲೆಕ್ಕದ ಪೋಸ್ಟ್‌ಗ್ರೆಸ್ ಡೇಟಾಬೇಸ್. 103: 16 ಕ್ಯಾಮೆರಾ ರೆಕಾರ್ಡಿಂಗ್. 104: ವೇಬ್ರಿಡ್ಜ್ ಕಾಟಾದ ಹಳೇ ಸಾಫ್ಟ್‌ವೇರ್, ವಿಂಡೋಸ್ 7 ಬಿಟ್ಟು ಬೇರೆಲ್ಲೂ ಏಳದಂಥದ್ದು.

13500ರಲ್ಲಿ 6 ಪಿ-ಕೋರ್, 8 ಇ-ಕೋರ್, ಒಟ್ಟು 20 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು). ಲಿನಕ್ಸ್ ಕಣ್ಣಿಗೆ 0ರಿಂದ 11 ಪಿ-ಕೋರ್‌ಗಳು, 0-1, 2-3 ಹೀಗೆ ಎರಡೆರಡು ಥ್ರೆಡ್ ಒಂದೊಂದು ಕೋರಿನವು. 12ರಿಂದ 19 ಇ-ಕೋರ್‌ಗಳು, ಅವಕ್ಕೆ ಹೈಪರ್‌ಥ್ರೆಡಿಂಗ್, ಅಂದರೆ ಒಂದೇ ಕೋರಿನಲ್ಲಿ ಎರಡು ಥ್ರೆಡ್, ಇಲ್ಲ. ಈ ಅಂಕಿಗಳನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. ಸಿಸ್ ಡೈರೆಕ್ಟರಿಯ ಡಿವೈಸಸ್ ಒಳಗೆ ಸಿಪಿಯು-ಕೋರ್, ಸಿಪಿಯು-ಆಟಮ್ ಎಂಬ ಎರಡು ಫೋಲ್ಡರ್ ಇರುತ್ತವೆ. ಎರಡರಲ್ಲೂ ಇರುವ 'ಸಿಪಿಯುಸ್' ಫೈಲ್ ಓದಿದರೆ ನಿಮ್ಮ ಚಿಪ್ಪಿನದು ಗೊತ್ತಾಗುತ್ತದೆ. ಕೋರ್ ಅಲ್ಟ್ರಾ 200ಎಸ್ ಸರಣಿಯಲ್ಲಂತೂ ಪಿ-ಕೋರಿಗೂ ಹೈಪರ್‌ಥ್ರೆಡಿಂಗ್ ಇಲ್ಲ, ಲೆಕ್ಕವೇ ಬೇರೆ.

ಯಾವ ವಿಎಂ ಯಾವ ಕೋರಿಗೆ ಎಂದು ಏನೂ ಕಟ್ಟದೆ ಬಿಟ್ಟಾಗ ಆಗಿದ್ದು ಇದು. ಬೆಳಿಗ್ಗೆ ಟ್ಯಾಲಿಯಲ್ಲಿ ಸ್ಟಾಕ್ ಸಮರಿ 6–7 ಸೆಕೆಂಡಿಗೆ ತೆರೆಯುತ್ತಿತ್ತು. ಲಾರಿ ಸಾಲುಗಟ್ಟಿದ ಮೇಲೆ, ಕ್ಯಾಮೆರಾಗಳಲ್ಲಿ ಓಡಾಟ ಹೆಚ್ಚಾದ ಮೇಲೆ, ಅದೇ ವರದಿಗೆ 14–15 ಸೆಕೆಂಡು. ಹೋಸ್ಟ್‌ನಲ್ಲಿ (ವಿಎಂಗಳನ್ನು ಹೊತ್ತ ಮೂಲ ಯಂತ್ರದಲ್ಲಿ) ನೋಡಿದರೆ ಸಿಪಿಯು ಬಳಕೆ ಶೇ 40 ದಾಟಿಲ್ಲ. ಕಾರಣ ಕೋರುಗಳಿಗೆ ಕೆಲಸ ಹಂಚುವ ಲಿನಕ್ಸ್ ಶೆಡ್ಯೂಲರಿನ ಆದ್ಯತೆಯಲ್ಲಿದೆ. ಅದು ಮೊದಲು ಪ್ರತಿ ಪಿ-ಕೋರಿಗೆ ಒಂದೊಂದು ಥ್ರೆಡ್ ಹಂಚುತ್ತದೆ, ಆಮೇಲೆ ಇ-ಕೋರ್ ತುಂಬುತ್ತದೆ, ಪಿ-ಕೋರಿನ ಎರಡನೇ ಥ್ರೆಡ್ಡಿಗೆ ಕೊನೆಗೆ ಬರುತ್ತದೆ. ಅಂದರೆ ಏಳನೇ ಬ್ಯುಸಿ ಥ್ರೆಡ್ಡಿನಿಂದಲೇ ಇ-ಕೋರ್ ಪಾಲು ಶುರು. ಸಾಮಾನ್ಯ ಪ್ರೋಗ್ರಾಮಿಗೆ ಈ ಕ್ರಮ ಸರಿಯೇ. ವಿಎಂ ವಿಷಯದಲ್ಲಿ ಕೆಡುತ್ತದೆ, ಯಾಕೆಂದರೆ ಥ್ರೆಡ್ ಡೈರೆಕ್ಟರ್ (ಯಾವ ಕೆಲಸ ಯಾವ ಕೋರಿಗೆ ಎಂದು ಸುಳಿವು ಕೊಡುವ ಚಿಪ್ಪಿನ ಭಾಗ) ಹೇಳುವ ಮಾಹಿತಿ ಒಳಗಿನ ವಿಂಡೋಸ್‌ಗೆ ತಲುಪುವುದಿಲ್ಲ. ಅದಕ್ಕೆ ಕೊಟ್ಟ ಎಂಟೂ ವಿಸಿಪಿಯು (ವಿಎಂಗೆ ಕಾಣುವ ತೋರಿಕೆಯ ಸಿಪಿಯು) ಅದರ ಕಣ್ಣಿಗೆ ಒಂದೇ ಸಮ. ಟ್ಯಾಲಿಯ ಭಾರದ ಥ್ರೆಡ್ಡನ್ನು ಯಾವುದೋ ಒಂದರ ಮೇಲೆ ಕೂರಿಸುತ್ತದೆ, ಆ ವಿಸಿಪಿಯು ಆ ಗಳಿಗೆಗೆ 3.5 ಗಿಗಾಹರ್ಟ್ಸ್ ಇ-ಕೋರಿನ ಮೇಲಿದ್ದರೆ ಮುಗಿಯಿತು. ಒಂದು ವಿಸಿಪಿಯು ಬೇರೆಯವಕ್ಕೂ ಬೇಕಾದ ಡೇಟಾದ ಲಾಕ್ ಹಿಡಿದು ಇ-ಕೋರಿನಲ್ಲಿ ತೆವಳುತ್ತಿದ್ದರೆ, 4.8 ಗಿಗಾಹರ್ಟ್ಸ್ ಪಿ-ಕೋರಿನಲ್ಲಿರುವುದು ಅದಕ್ಕಾಗಿ ಕಾಯುತ್ತಾ ಸುತ್ತುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ.

ಒಂದು ಸಮಾಧಾನ ಏನೆಂದರೆ ವಿಎಂ ಹೀಗೆ ಅಡ್ಡಾದಿಡ್ಡಿ ಹಾರಿದರೂ ಸಾಯುವುದಿಲ್ಲ. ಎರಡೂ ಬಗೆಯ ಕೋರಿನ ಇನ್‌ಸ್ಟ್ರಕ್ಷನ್ ಸೆಟ್ ಒಂದೇ ಇರಲೆಂದೇ ಇಂಟೆಲ್ ಎವಿಎಕ್ಸ್-512 ಎಂಬ ಇನ್‌ಸ್ಟ್ರಕ್ಷನ್ ಗುಂಪನ್ನು ತೆಗೆದುಹಾಕಿತು. ಬೇರೆ ಉಳಿದದ್ದು ಪರ್ಫಾರ್ಮೆನ್ಸ್ ಕೌಂಟರುಗಳು, ಪಿ-ಕೋರಿನಲ್ಲಿ 8, ಇ-ಕೋರಿನಲ್ಲಿ 6. ಅದಕ್ಕೇ ಹೊಸ ಲಿನಕ್ಸ್ ಕರ್ನಲ್‌ಗಳ ಕೆವಿಎಂ (ವಿಎಂ ಓಡಿಸುವ ಭಾಗ) ಹೀಗೆ ಎರಡು ಬಗೆಯ ಕೋರಿನ ಹೈಬ್ರಿಡ್ ಚಿಪ್ಪು ಕಂಡರೆ ವಿಎಂಗೆ ಪಿಎಂಯು, ಅಂದರೆ ಈ ಕೌಂಟರುಗಳನ್ನು, ಕೊಡುವುದೇ ಇಲ್ಲ. ಒಳಗೆ ಅವನ್ನು ಓದುವ ಪರ್ಫ್ ಓಡಿಸಿ ಏನೂ ಬರಲಿಲ್ಲವೆಂದು ತಲೆ ಕೆಡಿಸಿಕೊಳ್ಳಬೇಡಿ. ಪ್ರಾಕ್ಸ್‌ಮಾಕ್ಸ್‌ನಂಥದ್ದೇ ವಿಎಂವೇರ್‌ನ ಇಎಸ್‌ಎಕ್ಸ್‌ಐ ಇನ್ನೂ ಬಿಗಿ. ಕೋರುಗಳು ಒಂದೇ ಸಮ ಇಲ್ಲದಿದ್ದರೆ ನೇರಳೆ ಪರದೆ ತೋರಿಸಿ ನಿಲ್ಲುತ್ತದೆ, ಆ ತಪಾಸಣೆಯನ್ನು ಬೂಟ್ ಆಯ್ಕೆಯಲ್ಲಿ ಆಫ್ ಮಾಡಬೇಕು.

ಎಲ್ಲರೂ ಹೇಳುವ ಮದ್ದು, ಬಯಾಸ್‌ನಲ್ಲಿ ಇ-ಕೋರ್ ಆಫ್ ಮಾಡು ಅನ್ನುವುದು. ಮಾಡಿ ನೋಡಿದ್ದೇನೆ. ಟ್ಯಾಲಿ ಸಮ ಆಯಿತು, ಆದರೆ ರೆಕಾರ್ಡಿಂಗೂ ಬ್ಯಾಕಪ್ಪೂ ಪಿ-ಕೋರನ್ನೇ ತಿನ್ನಲು ಬಂದವು. ಕೊಟ್ಟ ದುಡ್ಡಿನ ಎಂಟು ಕೋರು ಕಸ.

ಎರಡನೆಯದು ಐಸೊಲ್‌ಸಿಪಿಯುಸ್, ಕೆಲವು ಸಿಪಿಯುಗಳನ್ನು ಶೆಡ್ಯೂಲರಿನ ಹಂಚಿಕೆಯಿಂದ ಬೇರೆ ಇಡುವ ಕರ್ನಲ್ ಆಯ್ಕೆ. ಕರ್ನಲ್ ಸಾಲಿನಲ್ಲಿ 0-11 ಹಾಕಿ, ವಿಎಂ ಅಫಿನಿಟಿಗೂ (ಯಾವ ಸಿಪಿಯುಗಳ ಮೇಲೆ ಓಡಬೇಕೆಂಬ ಕಟ್ಟು) 0-11 ಕೊಟ್ಟರೆ ನಗು ಬರುವಂಥ ಫಲಿತಾಂಶ: ಎಂಟೂ ವಿಸಿಪಿಯು ಒಂದೇ ಥ್ರೆಡ್ಡಿನ ಮೇಲೆ ಗುಂಪುಗೂಡುತ್ತವೆ, ಉಳಿದವು ಖಾಲಿ. ಐಸೊಲೇಟ್ ಮಾಡಿದ ಸಿಪಿಯುಗಳ ನಡುವೆ ಶೆಡ್ಯೂಲರ್ ಲೋಡ್ ಹಂಚುವುದೇ ಇಲ್ಲ. ಅದನ್ನು ಬಳಸುವುದಾದರೆ ವಿಸಿಪಿಯುವಿಗೊಂದು ಥ್ರೆಡ್ ಅಂತ ಒಂದಕ್ಕೊಂದು ಕಟ್ಟಲೇಬೇಕು. ನನಗೆ ಅದರ ಅಗತ್ಯವೇ ಬೀಳಲಿಲ್ಲ.

ನಿಂತ ವ್ಯವಸ್ಥೆ ಇದು. ಯಾವ ವಿಎಂನ ವಿಸಿಪಿಯುಗಳೂ ಎರಡೂ ಬಗೆಯ ಕೋರಿಗೆ ಕಾಲು ಚಾಚಬಾರದು, ಅಷ್ಟೇ ನಿಯಮ. 101ಕ್ಕೆ ಎಂಟು ವಿಸಿಪಿಯು, 4-11ರ ಮೇಲೆ. 102ಕ್ಕೆ ನಾಲ್ಕು, 0-3ರ ಮೇಲೆ. ಟ್ಯಾಲಿಗೆ 0 ಕೊಡದಿರಲು ಕಾರಣ, ಹೋಸ್ಟಿನ ಚಿಲ್ಲರೆ ಇಂಟರಪ್ಟ್‌ಗಳು (ಸಾಧನಗಳ ಕರೆಗಳು) 0ರ ಮೇಲೆಯೇ ಹೆಚ್ಚು ಬೀಳುತ್ತವೆ. 103ಕ್ಕೆ ನಾಲ್ಕು, 12-15. 104ಕ್ಕೆ ಒಂದು, 16-17. ಹೋಸ್ಟಿನ ಸಂಸಾರ 16-19. ಇ-ಕೋರ್‌ಗಳು ನಾಲ್ಕು ನಾಲ್ಕರ ಗುಂಪಾಗಿ ಒಂದೇ 2 ಎಂಬಿ ಎಲ್2 ಕ್ಯಾಶ್ ಹಂಚಿಕೊಳ್ಳುತ್ತವೆ. ರೆಕಾರ್ಡಿಂಗ್ ವಿಎಂ ಒಂದು ಗುಂಪಿನಲ್ಲೇ ಮುಗಿಯಲಿ ಎಂದು 12-15. ಅದನ್ನೇ 14-17 ಅಂತ ಎರಡು ಗುಂಪಿಗೆ ಹರಡಿ ನೋಡಿದಾಗ 103ಕ್ಕೆ ಲಾಭ ಕಾಣಲಿಲ್ಲ, 104ರ ಕಾಟಾ ಮಾತ್ರ ತೊದಲತೊಡಗಿತು.

ಪ್ರಾಕ್ಸ್‌ಮಾಕ್ಸ್ 7.3ರಿಂದ ವಿಎಂನ ಪ್ರೊಸೆಸರ್ ಪುಟದಲ್ಲೇ ಅಫಿನಿಟಿ ಖಾನೆ ಇದೆ. ಅಡ್ವಾನ್ಸ್‌ಡ್ ಟಿಕ್ ಮಾಡಿ 4-11 ಬರೆದರೆ ಮುಕ್ಕಾಲು ಕೆಲಸ ಆಯಿತು. ಆದರೆ ಅದು ವಿಎಂ ಓಡಿಸುವ ಕ್ಯೂಇಎಂಯು ಪ್ರೊಸೆಸ್ಸನ್ನು ಇಡಿಯಾಗಿ ಕಟ್ಟುತ್ತದೆ. ವಿಸಿಪಿಯು ಥ್ರೆಡ್ಡುಗಳ ಜೊತೆ ಎಮ್ಯುಲೇಟರ್, ಐಒ ಥ್ರೆಡ್ಡುಗಳೂ ಅಲ್ಲೇ ಬೀಳುತ್ತವೆ. ಬ್ಯಾಕಪ್ ಹೊತ್ತಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಜರ್ಕ್ ಹೊಡೆಯುವುದು ಇದರಿಂದಲೇ. ಹಾಗಾಗಿ 101ಕ್ಕೆ ಒಂದು ಹುಕ್‌ಸ್ಕ್ರಿಪ್ಟ್ (ವಿಎಂ ಎದ್ದಾಗ ತಾನಾಗಿ ಓಡುವ ಸಣ್ಣ ಪ್ರೋಗ್ರಾಮು) ಬೇಕು. ಪೋಸ್ಟ್-ಸ್ಟಾರ್ಟ್ ಹಂತದಲ್ಲಿ ಅದು ವಿಎಂನ ಪಿಐಡಿ ಫೈಲ್ ಓದಿ, ಪ್ರಾಕ್ ಒಳಗಿನ ಟಾಸ್ಕ್ ಪಟ್ಟಿಯಲ್ಲಿ 'ಸಿಪಿಯು 0/ಕೆವಿಎಂ', 'ಸಿಪಿಯು 1/ಕೆವಿಎಂ' ಎಂಬ ಹೆಸರಿನ ಥ್ರೆಡ್ಡುಗಳನ್ನು ಹುಡುಕಿ ಒಂದೊಂದನ್ನೂ 4ರಿಂದ 11ಕ್ಕೆ ಟಾಸ್ಕ್‌ಸೆಟ್ ಆಜ್ಞೆಯಿಂದ ಕಟ್ಟುತ್ತದೆ, ಉಳಿದೆಲ್ಲವನ್ನೂ 18-19ಕ್ಕೆ ದೂಡುತ್ತದೆ. ಆಮೇಲೆ ಹುಟ್ಟುವ ವರ್ಕರ್ ಥ್ರೆಡ್ಡುಗಳು ಮುಖ್ಯ ಥ್ರೆಡ್ಡಿನ ಅಫಿನಿಟಿಯನ್ನೇ ಪಡೆಯುವುದರಿಂದ ಮತ್ತೆ ಮತ್ತೆ ಕಟ್ಟಬೇಕಿಲ್ಲ. ಒಳಗಿನಿಂದ ವಿಂಡೋಸ್ ರೀಸ್ಟಾರ್ಟ್ ಮಾಡಿದರೂ ಪ್ರೊಸೆಸ್ ಅದೇ ಇರುತ್ತದೆ, ಗಂಟು ಬಿಚ್ಚುವುದಿಲ್ಲ. ಯಾವ ವಿಸಿಪಿಯುವನ್ನು ಯಾವ ಥ್ರೆಡ್ಡಿಗೆ ಕಟ್ಟಬೇಕು ಎಂಬ ಕ್ರಮದಲ್ಲಿ ಒಂದು ಕೈಚಳಕ ಇದೆ, ಟ್ಯಾಲಿ ವರದಿಯಲ್ಲಿ ಇನ್ನೊಂದು ಸೆಕೆಂಡು ಉಳಿಯುತ್ತದೆ. ಅದನ್ನು ಇಲ್ಲಿ ಬರೆಯಲ್ಲ, ನನ್ನ ರೊಟ್ಟಿ ಅದರಲ್ಲೇ ಇದೆ.

ಹೋಸ್ಟನ್ನು ಪಿ-ಕೋರಿನಿಂದ ದೂರ ಇಡುವುದಕ್ಕೆ ಎರಡು ದಾರಿ. ಲಿನಕ್ಸಿನ ಸೇವೆಗಳನ್ನು ಎಬ್ಬಿಸುವ ಸಿಸ್ಟಂಡಿಯ ಸಿಸ್ಟಂ.ಕಾನ್ಫ್‌ನಲ್ಲಿ ಸಿಪಿಯು-ಅಫಿನಿಟಿ 16-19 ಬರೆಯುವುದು ಒಂದು. ಇದರಲ್ಲಿ ಒಂದು ಗುಂಡಿ ಇದೆ: ವಿಎಂಗಳನ್ನು ಹುಟ್ಟಿಸುವ ಡೀಮನ್ನಿಗೂ ಅದೇ ಅಫಿನಿಟಿ ಅಂಟುವುದರಿಂದ, ಅಫಿನಿಟಿ ಖಾನೆ ಖಾಲಿ ಬಿಟ್ಟ ವಿಎಂ ಸದ್ದಿಲ್ಲದೆ ಇ-ಕೋರಿಗೆ ಸೇರುತ್ತದೆ. ಯಾರೋ ಟೆಸ್ಟ್‌ಗೆಂದು ಹೊಸ ವಿಎಂ ಮಾಡಿ "ಎಷ್ಟು ಸ್ಲೋ ಇದೆ ನಿಮ್ಮ ಮಶೀನು" ಅಂದರೆ ಮೊದಲು ನೋಡಬೇಕಾದದ್ದು ಇದನ್ನೇ. ಇನ್ನೊಂದು ದಾರಿ ಸಿಸ್ಟಂ.ಸ್ಲೈಸ್, ಯೂಸರ್.ಸ್ಲೈಸ್ ಎಂಬ ಎರಡು ಪ್ರೊಸೆಸ್ ಗುಂಪಿಗೂ ಅಲೌಡ್-ಸಿಪಿಯುಸ್ 16-19 ಕೊಡುವುದು. ವಿಎಂಗಳು ಕ್ಯೂಇಎಂಯು.ಸ್ಲೈಸ್‌ನಲ್ಲಿ ಇರುವುದರಿಂದ ಅವಕ್ಕೆ ಇದು ತಾಗುವುದಿಲ್ಲ. ನನ್ನ ಓಟು ಎರಡನೆಯದಕ್ಕೆ. ಬ್ಯಾಕಪ್ಪನ್ನು ಕುಗ್ಗಿಸುವ ಝಡ್‌ಎಸ್‌ಟಿಡಿ ಕೂಡ ತಾನಾಗಿಯೇ ಇ-ಕೋರಿಗೆ ಹೋಗುತ್ತದೆ, ಬ್ಯಾಕಪ್ ಐದಾರು ನಿಮಿಷ ಹೆಚ್ಚು ಹಿಡಿದರೆ ಹಿಡಿಯಲಿ.

ವಿಎಂಗೆ ತೋರಿಸುವ ಸಿಪಿಯು ಟೈಪ್: ಲಿನಕ್ಸ್‌ಗೆ ಹೋಸ್ಟ್, ವಿಂಡೋಸ್‌ಗೆ ಎಕ್ಸ್86-64-ವಿ3. ವಿಂಡೋಸ್‌ಗೆ ಹೋಸ್ಟ್ ಕೊಟ್ಟರೆ ಅದು ಒಳಗೇ ವರ್ಚುವಲೈಸೇಶನ್ ಆಧಾರಿತ ಭದ್ರತೆ ಶುರುಮಾಡಿ ಭಾರವಾಗುವ ಸಾಧ್ಯತೆ ಇದೆ. 101ಕ್ಕೆ ಸಾಕೆಟ್ 1, ಕೋರ್ 8.

ಕಾಟಾದ ವಿಎಂ ಬಗ್ಗೆ ಸ್ವಲ್ಪ ಹೇಳಬೇಕು, ಇ-ಕೋರಿನ ಬೆಲೆ ಗೊತ್ತಾಗುವುದೇ ಅಲ್ಲಿ. ಆ ಸಾಫ್ಟ್‌ವೇರ್ ಸೀರಿಯಲ್ ಪೋರ್ಟಿನಲ್ಲಿ ತೂಕ ಬಂತಾ ಬಂತಾ ಎಂದು ಬಿಡುವಿಲ್ಲದೆ ಕೇಳುತ್ತಲೇ ಇರುತ್ತದೆ. ಒಂದು ವಿಸಿಪಿಯು ಸದಾ ಶೇ 100. ಪಿ-ಕೋರಿನ ಮೇಲೆ ಬಿಟ್ಟರೆ ಒಂದು ಇಡೀ ಕೋರಿನ ಟರ್ಬೊ ಅದಕ್ಕೇ ನೈವೇದ್ಯ. ಇ-ಕೋರಿನಲ್ಲಿ ಅದು ಸುತ್ತುತ್ತಿದ್ದರೆ ಮೀಟರಿನಲ್ಲಿ ಐದಾರು ವ್ಯಾಟ್ ಏರುತ್ತದೆ, ಅಷ್ಟೇ. ಯುಎಸ್‌ಬಿ-ಸೀರಿಯಲ್ ಕನ್ವರ್ಟರ್ ಸಿಎಚ್340 ಚಿಪ್ಪಿನದು. ಅದನ್ನು ವಿಎಂಗೆ ಕೊಡುವಾಗ ಐಡಿ ಹಿಡಿದು ಕೊಡಬೇಡಿ, ಪೋರ್ಟ್ ಹಿಡಿದು ಕೊಡಿ. ಒಂದೇ ಐಡಿಯ ಎರಡು ಕನ್ವರ್ಟರ್ ಇದ್ದರೆ ಯಾವುದು ಎಲ್ಲಿಗೆ ಹೋಯಿತೆಂದು ತಿಳಿಯುವುದಿಲ್ಲ. ಕಾಟಾ ಕೋಣೆ ದೂರ ಇದ್ದರೆ ಆರ್‌ಎಸ್-232 ಕೇಬಲ್ ಎಳೆಯಬೇಡಿ, 15 ಮೀಟರ್ ದಾಟಿದರೆ ತೂಕದಲ್ಲಿ ಕಸ ಅಕ್ಷರ ಬರಬಹುದು.

ಇನ್ನು ಸೆಖೆ. ಏಪ್ರಿಲ್-ಮೇಯಲ್ಲಿ ನಮ್ಮ ಕಡೆ ಹೊರಗೇ 40–42 ಡಿಗ್ರಿ, ಮಿಲ್ಲಿನ ಆಫೀಸಿನಲ್ಲಿ ಎಸಿ ಇದ್ದರೂ ರಾತ್ರಿ ಆಫ್. ಈ ಚಿಪ್ಪು ಬೇಸ್ 65 ವ್ಯಾಟಿನದು, ಆದರೆ ಟರ್ಬೊದಲ್ಲಿ 154ರವರೆಗೆ ಎಳೆಯುತ್ತದೆ, ಬೋರ್ಡುಗಳು ಮಿತಿಯನ್ನು ಧಾರಾಳವಾಗಿ ಬಿಟ್ಟಿರುತ್ತವೆ. ಬಯಾಸ್‌ನಲ್ಲಿ ಪಿಎಲ್1 (ಸದಾ ಎಳೆಯಬಹುದಾದ ವ್ಯಾಟ್) 65, ಪಿಎಲ್2 (ಸ್ವಲ್ಪ ಹೊತ್ತಿನ ಮಿತಿ) 90 ಮಾಡಿದ್ದೇನೆ. ಟ್ಯಾಲಿಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಉಷ್ಣತೆ 15 ಡಿಗ್ರಿಯಷ್ಟು ಇಳಿಯಿತು. ಪಿ ಮತ್ತು ಇ ಕೋರುಗಳಿಗೆ ವ್ಯಾಟಿನ ಹುಂಡಿ ಒಂದೇ ಎಂಬುದು ನೆನಪಿರಲಿ. ಕ್ಯಾಮೆರಾ ವಿಡಿಯೊವನ್ನು ಇ-ಕೋರಿನಲ್ಲಿ ಸಾಫ್ಟ್‌ವೇರಿನಿಂದ ಡಿಕೋಡ್ ಮಾಡಿಸಿದರೆ ಪಿ-ಕೋರಿನ ಟರ್ಬೊ ಕಡಿಮೆಯಾಗುತ್ತದೆ. ಅದಕ್ಕೇ ಒಳಗಿನ ಯುಎಚ್‌ಡಿ 770 ಗ್ರಾಫಿಕ್ಸನ್ನು ಇಡಿಯಾಗಿ 103ಕ್ಕೇ ಬಿಟ್ಟುಕೊಟ್ಟೆ (ಪಾಸ್‌ಥ್ರೂ). ಹೋಸ್ಟಿಗೆ ಪರದೆ ಹೋಯಿತು, ವೆಬ್ ಪುಟ ಇದೆಯಲ್ಲ. ಗೋಡೆಯ ಮೀಟರಿನಲ್ಲಿ ಈಗ ಹಗಲು 70 ವ್ಯಾಟಿನ ಆಸುಪಾಸು. ಮೊದಲಿದ್ದ ನಾಲ್ಕು ಹಳೇ ಡೆಸ್ಕ್‌ಟಾಪ್ ಸೇರಿ 250ರ ಮೇಲೆ ಇತ್ತು. ತೌಡಿನ ದೂಳಿಗೆ ಕ್ಯಾಬಿನೆಟ್ ಮುಂದೆ ಸ್ಪಂಜ್ ಫಿಲ್ಟರ್, ಹದಿನೈದು ದಿನಕ್ಕೊಮ್ಮೆ ತೊಳೆಯುವುದು.

ಹುಚ್ಚಿಗೆಂದು ಇದೇ ಆಟವನ್ನು ಆರ್‌ಕೆ3588 ಎಆರ್‌ಎಂ ಬೋರ್ಡಿನಲ್ಲೂ ಆಡಿದೆ. ಅಲ್ಲಿ 0-3 ಸಣ್ಣ ಎ55, 4-7 ದೊಡ್ಡ ಎ76. ಇಂಟೆಲ್‌ನಲ್ಲಿ ಕಟ್ಟದಿದ್ದರೆ ನಿಧಾನವಾಗುತ್ತದೆ, ಇಲ್ಲಿ ಕ್ಯೂಇಎಂಯು ಪಿಎಂಯು ದೋಷ ಹೇಳಿ ಏಳುವುದನ್ನೇ ನಿಲ್ಲಿಸುತ್ತದೆ. 4-7ಕ್ಕೆ ಟಾಸ್ಕ್‌ಸೆಟ್ ಮಾಡಿ ಎಬ್ಬಿಸಿದರೆ ಸುಮ್ಮನೆ ಓಡುತ್ತದೆ. ಸಣ್ಣ ಅಂಗಡಿಯ ಬಿಲ್ಲಿಂಗಿಗೆ ಸಾಕು, ಟ್ಯಾಲಿಗೆ ಆಗದು.

ಕಟ್ಟಿದ್ದು ಸರಿಯಿದೆಯಾ ನೋಡಲು ಪಿಎಸ್ ಆಜ್ಞೆಯಲ್ಲಿ ಥ್ರೆಡ್ಡುಗಳ ಜೊತೆ ಪಿಎಸ್‌ಆರ್ ಕಾಲಂ (ಯಾವ ಸಿಪಿಯು ಮೇಲಿದೆ ಎಂಬುದು) ತೆಗೆಸಿ. ವಿಸಿಪಿಯು ಥ್ರೆಡ್ಡುಗಳ ಮುಂದೆ 4ರಿಂದ 11ರ ಅಂಕಿ ಒಂದೊಂದಕ್ಕೆ ಒಂದರಂತೆ ನಿಲ್ಲದೆ ಬದಲಾಗುತ್ತಿದ್ದರೆ ಹುಕ್‌ಸ್ಕ್ರಿಪ್ಟ್ ಓಡಿಲ್ಲ, ಬಹುತೇಕ ಎಕ್ಸಿಕ್ಯೂಟ್ ಅನುಮತಿ ಕೊಟ್ಟಿರುವುದಿಲ್ಲ. ಸ್ಟಾಕ್ ಸಮರಿ ಈಗ ಲಾರಿ ಇದ್ದರೂ ಇಲ್ಲದಿದ್ದರೂ 6 ಸೆಕೆಂಡಿನ ಹತ್ತಿರವೇ. ಮಿಲ್ಲಿನವರು ಮುಂದಿನ ಹಂಗಾಮಿಗೆ ಗೋದಾಮಿಗೂ ಕ್ಯಾಮೆರಾ ಹಾಕುವ ಮಾತಾಡುತ್ತಿದ್ದಾರೆ. 16ರಿಂದ 24ಕ್ಕೆ ಏರಿದರೆ 12-15 ಸಾಲದು. ಆಗ 103ಕ್ಕೆ 16ನ್ನೂ ಸೇರಿಸಿ, ಕಾಟಾವನ್ನು 17ಕ್ಕಷ್ಟೇ ಕಟ್ಟಿ, ಹೋಸ್ಟನ್ನು 18-19ಕ್ಕೆ ಕುಗ್ಗಿಸುತ್ತೇನೆ. ಪಿ-ಕೋರಿನ ಕಡೆ ಮಾತ್ರ ಬಿಡುವುದಿಲ್ಲ.